ನಾಲ್ಕು ವರ್ಷದ ಮಗ ಸುಳ್ಳು ಹೇಳುತ್ತಿದ್ದಾನೆ. ಬೈಯಬೇಕೋ, ಬಿಡಬೇಕೋ?

ಡೊಂಬಿವಲಿ ಅಮ್ಮ
ನಮಸ್ಕಾರ ಎಲ್ಲರಿಗೂ. ಮನೆಯಲ್ಲಿ ಸಣ್ಣ ಜಗಳ ನಡೆದಿದೆ, ಪಂಚಾಯ್ತಿ ನಿಮ್ಮ ಮುಂದೆ ಇಡುತ್ತಿದ್ದೇನೆ.

ಚೌತಿ ದಿನ ನೈವೇದ್ಯಕ್ಕೆ 21 ಮೋದಕ ಮಾಡಿ ಬಾಳೆಲೆ ಮೇಲೆ ಇಟ್ಟಿದ್ದೆವು. ಆರತಿ ಹೊತ್ತಿಗೆ ನೋಡಿದರೆ 20. ಪುಟ್ಟನ ಗಲ್ಲಕ್ಕೆ ಹೂರಣ ಮೆತ್ತಿಕೊಂಡಿತ್ತು. ಯಾರು ತಿಂದದ್ದು ಎಂದರೆ ಒಂದು ಕ್ಷಣವೂ ತಡಮಾಡದೆ "ಪಾಪು ತಿಂತು" ಎಂದ. ಪಾಪು ಅವನ ತಂಗಿ. ಎಂಟು ತಿಂಗಳು, ಎರಡು ಹಲ್ಲು, ಕೂರಿಸಿದ ಕಡೆ ಕೂತಿರುತ್ತಾಳೆ. ಬಂದವರೆಲ್ಲ ನಕ್ಕರು. ಅತ್ತೆ ನಗಲಿಲ್ಲ. ದೇವರ ಮುಂದೆ ಸುಳ್ಳಾ, ಈಗಲೇ ಎರಡು ಬಿಗಿಯದಿದ್ದರೆ ಮುಂದೆ ಕೈಗೆ ಸಿಗಲ್ಲ ಎಂದರು.

ಅಷ್ಟರಲ್ಲಿ ನಾದಿನಿಯ ಮಗಳು, ಏಳು ವರ್ಷದವಳು, ಸಹಾಯ ಮಾಡಲು ಹೋಗಿ ಶರಬತ್ತಿನ ಟ್ರೇ ಎತ್ತಿ ಎಡವಿದಳು. ಆರು ಗಾಜಿನ ಲೋಟ ಪುಡಿ. ಅವಳಿಗೆ ಬೈಗುಳ ಬಿತ್ತು. ಇವನು ಬಂದು ನನ್ನ ಕಿವಿಯಲ್ಲಿ ಕೇಳಿದ: "ಅಕ್ಕ ಆರು ಒಡೆದಳು. ನಾನು ಒಂದೇ ತಿಂದದ್ದು. ನಾನೇ ಒಳ್ಳೆಯವನು, ಅಲ್ವಾ?"

ಸುಳ್ಳೂ ಒಪ್ಪಿಕೊಂಡ, ತೀರ್ಪೂ ಕೊಟ್ಟ. ಸರಿ-ತಪ್ಪು ಅನ್ನುವುದು ಮಕ್ಕಳ ತಲೆಯಲ್ಲಿ ಯಾವಾಗ, ಹೇಗೆ ಶುರುವಾಗುತ್ತದೆ? ಅನುಭವ ಇದ್ದವರು ಹೇಳಿ.

ಚೆಂಬೂರು ಶೆಟ್ರು
ಉಳಿದ 20 ಏನಾಯಿತು? ಅದು ಗೊತ್ತಾಗದೆ ತೀರ್ಪು ಕೊಡಲು ಆಗಲ್ಲ.

ಮಾಟುಂಗಾ ರಾಯರು
ನಿಮ್ಮ ಅತ್ತೆ ಹೇಳಿದ್ದೇ ಸರಿ. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ? ನಮ್ಮ ಕಾಲದಲ್ಲಿ ಒಂದು ಸುಳ್ಳಿಗೆ ಒಂದು ಛಡಿ ಏಟು. ಲೆಕ್ಕ ಸರಳ ಇತ್ತು. ಈಗ ಎಲ್ಲದಕ್ಕೂ ಚರ್ಚೆ.

ಕೋಥ್ರೂಡ್ ಕಾಫಿ
ಪುಣೆಯಲ್ಲಿ ಮನಶ್ಶಾಸ್ತ್ರ ಎಂಎ ಓದುತ್ತಿದ್ದೇನೆ, ಅದಕ್ಕೇ ಬಾಯಿ ಹಾಕುತ್ತಿದ್ದೇನೆ. ಅಮ್ಮಾ, ನಿಮ್ಮ ಮನೆಯಲ್ಲಿ ಒಂದೇ ದಿನ ನಡೆದದ್ದನ್ನು ಜೀನ್ ಪಿಯಾಜೆ ಎಂಬ ಸ್ವಿಸ್ ವಿದ್ವಾಂಸ ಕಥೆ ಕಟ್ಟಿ ಮಕ್ಕಳಿಗೆ ಕೇಳುತ್ತಿದ್ದ. 1932ರ ಪುಸ್ತಕದಲ್ಲಿದೆ. ಒಬ್ಬ ಹುಡುಗನನ್ನು ಊಟಕ್ಕೆ ಕರೆಯುತ್ತಾರೆ. ಬಾಗಿಲು ತಳ್ಳುತ್ತಾನೆ, ಹಿಂದೆ ಇಟ್ಟಿದ್ದ 15 ಕಪ್ ಒಡೆಯುತ್ತವೆ. ಇನ್ನೊಬ್ಬ ಅಮ್ಮ ಇಲ್ಲದ ಹೊತ್ತಲ್ಲಿ ಜಾಮ್ ಕದಿಯಲು ಹೋಗಿ ಒಂದು ಕಪ್ ಒಡೆಯುತ್ತಾನೆ. ಯಾರದು ಜಾಸ್ತಿ ತಪ್ಪು? ಚಿಕ್ಕವರು 15 ಒಡೆದವನದು ಎನ್ನುತ್ತಾರೆ. ದೊಡ್ಡದಾಗುತ್ತಾ ಬಂದ ಹಾಗೆ "ಅವನಿಗೆ ಗೊತ್ತಿರಲಿಲ್ಲವಲ್ಲ" ಎನ್ನುತ್ತಾರೆ. ನಿಮ್ಮ ಪುಟ್ಟ ಲೋಟ ಎಣಿಸಿದ್ದಾನೆ. ಆ ವಯಸ್ಸಿಗೆ ಅದು ಸಹಜ.

ಮುಲುಂಡ್ ಮಳೆ
ನನ್ನ ಗಮನ ಬೇರೆ ಕಡೆ ಹೋಯಿತು. ಲೋಟ ಎಣಿಸಿದ್ದು ಪುಟ್ಟ ಒಬ್ಬನೇನಾ? ಸಹಾಯ ಮಾಡಲು ಹೋದ ಹುಡುಗಿಗೆ ಬೈದ ದೊಡ್ಡವರೂ ಎಣಿಸಿದರು. ಅವರೆಲ್ಲರ ವಯಸ್ಸು ಎಷ್ಟು?

ಡೊಂಬಿವಲಿ ಅಮ್ಮ
ಬೈದದ್ದು ಅವಳ ಅಪ್ಪ. ವಯಸ್ಸು 41 :)

ಕೋಥ್ರೂಡ್ ಕಾಫಿ
ಹಹ್ಹ. ನ್ಯಾಯವಾದ ಮಾತು. ಉದ್ದೇಶ ನೋಡುವುದನ್ನು ಕಲಿತ ಮೇಲೂ ನಾವು ನಷ್ಟ ಎಣಿಸುವುದನ್ನು ಬಿಡುವುದಿಲ್ಲ. ಪಿಯಾಜೆ ಮೇಲೆ ಒಂದು ತಕರಾರೂ ಇದೆ. ಅವನು ಒಂದು ಕಥೆಯಲ್ಲಿ ದೊಡ್ಡ ನಷ್ಟ, ಇನ್ನೊಂದರಲ್ಲಿ ಕೆಟ್ಟ ಉದ್ದೇಶ ಸೇರಿಸಿಬಿಟ್ಟ. ನಷ್ಟ ಎರಡರಲ್ಲೂ ಸಮ ಇಟ್ಟು ಕೇಳಿದರೆ ಇನ್ನೂ ಚಿಕ್ಕ ಮಕ್ಕಳೂ ಉದ್ದೇಶ ಗಮನಿಸುತ್ತಾರೆ ಎಂದು ಆಮೇಲಿನವರು ತೋರಿಸಿದರು.

ಈಗ ಸುಳ್ಳಿನ ವಿಷಯ. ಇದು ಸ್ವಲ್ಪ ಉದ್ದ, ಕ್ಷಮಿಸಿ.

ಸುಳ್ಳು ಹೇಳಬೇಕಾದರೆ ಮೊದಲು ಒಂದು ಸಂಗತಿ ಹೊಳೆಯಬೇಕು: ನನಗೆ ಗೊತ್ತಿರುವುದು ಅಮ್ಮನಿಗೆ ಗೊತ್ತಿಲ್ಲದೆ ಇರಬಹುದು. ಇದು ಹುಟ್ಟುತ್ತಲೇ ಬರುವುದಿಲ್ಲ. 1983ರಲ್ಲಿ ವಿಮ್ಮರ್ ಮತ್ತು ಪೆರ್ನರ್ ಎಂಬಿಬ್ಬರು ಮಾಕ್ಸಿ ಎಂಬ ಹುಡುಗನ ಕಥೆ ಹೇಳಿ ಪರೀಕ್ಷೆ ಮಾಡಿದರು. ಮಾಕ್ಸಿ ಚಾಕಲೇಟನ್ನು ಒಂದು ಕಪಾಟಿನಲ್ಲಿಟ್ಟು ಆಟಕ್ಕೆ ಹೋಗುತ್ತಾನೆ. ಅಮ್ಮ ಅದನ್ನು ಬೇರೆ ಕಪಾಟಿಗೆ ಇಡುತ್ತಾಳೆ. ವಾಪಸ್ ಬಂದ ಮಾಕ್ಸಿ ಎಲ್ಲಿ ಹುಡುಕುತ್ತಾನೆ? ಮೂರು ವರ್ಷದವರು ಚಾಕಲೇಟ್ ಈಗ ಇರುವ ಜಾಗ ತೋರಿಸುತ್ತಾರೆ. ನಾಲ್ಕು-ಐದರ ಹೊತ್ತಿಗೆ ಹೆಚ್ಚಿನವರು "ಅವನು ಇಟ್ಟ ಕಡೆಯೇ ಹುಡುಕುತ್ತಾನೆ" ಎನ್ನುತ್ತಾರೆ. 2005ರಲ್ಲಿ ಕೆನಡಾ, ಭಾರತ, ಪೆರು, ಸಮೋವಾ, ಥಾಯ್ಲೆಂಡ್ ಐದೂ ಕಡೆ ಇಂಥದ್ದೇ ಪರೀಕ್ಷೆ ಮಾಡಿದರು. ಎಲ್ಲ ಕಡೆಯೂ ಹೆಚ್ಚುಕಡಿಮೆ ಅದೇ ವಯಸ್ಸಲ್ಲಿ ತಿರುವು ಸಿಕ್ಕಿತು.

ಪುಟ್ಟನ ತಲೆಯಲ್ಲಿ ಈ ಬಾಗಿಲು ಈಗಷ್ಟೇ ತೆರೆದಿದೆ. ಪೂರ್ತಿ ತೆರೆದಿಲ್ಲ. ಅದಕ್ಕೇ ಹೂರಣ ಒರೆಸಿಕೊಳ್ಳಲಿಲ್ಲ, ಎರಡು ಹಲ್ಲಿನ ಪಾಪು ಮೇಲೆ ಹಾಕಿದ.

ವಾಸ್ಕೋ ವಾಸಿ
ಓದಿದ ತಕ್ಷಣ ಮನೆಯಲ್ಲಿ ಮಾಡಿ ನೋಡಿದೆ. ಚಾಕಲೇಟ್ ಇರಲಿಲ್ಲ, ಪಾರ್ಲೆ-ಜಿ ಪ್ಯಾಕೆಟ್ ತಗೊಂಡೆ. ಹೆಂಡತಿ ಅದನ್ನು ಅಕ್ಕಿ ಡಬ್ಬಿಯಲ್ಲಿಟ್ಟು ಬಟ್ಟೆ ಒಣಗಹಾಕಲು ಹೋದಳು. ನಾನು ಮಕ್ಕಳ ಎದುರೇ ತೆಗೆದು ಟಿವಿ ಹಿಂದೆ ಇಟ್ಟೆ. ಅಮ್ಮ ಬಂದು ಎಲ್ಲಿ ನೋಡ್ತಾಳೆ?

ಮೂರು ವರ್ಷದ ಮಗಳು: "ಟಿವಿ ಹಿಂದೆ!"
ಆರು ವರ್ಷದ ಮಗ: "ಅಕ್ಕಿ ಡಬ್ಬಿ. ಆಮೇಲೆ ನಿನಗೆ ಬೈತಾಳೆ."

ಇಬ್ಬರದೂ ನಿಜವಾಯಿತು ಅನ್ನುವುದಕ್ಕೆ ಆಗಲ್ಲ, ಮಗ ಹೇಳಿದ ಎರಡೂ ನಿಜವಾಯಿತು.

ಮಾಟುಂಗಾ ರಾಯರು
ಅಂದರೆ ಮಗು ಸುಳ್ಳು ಹೇಳಿದರೆ ಬುದ್ಧಿ ಬಂತು ಅಂತ ಪೇಡೆ ಹಂಚಬೇಕೋ? ಎಂಥ ಶಾಸ್ತ್ರವಪ್ಪ ಇದು.

ಠಾಣೆ ಟೀಚರ್
ರಾಯರೇ, ಪೇಡೆ ಬೇಡ. ಛಡಿಯೂ ಬೇಡ. ಇಪ್ಪತ್ತು ವರ್ಷದಿಂದ ಬಾಲವಾಡಿ ಮಕ್ಕಳ ಜೊತೆ ಇದ್ದೇನೆ. ಏಟು ತಿನ್ನುವ ಮನೆಯ ಮಕ್ಕಳೇ ಚೆನ್ನಾಗಿ ಸುಳ್ಳು ಹೇಳುತ್ತಾರೆ. ಕಣ್ಣಲ್ಲಿ ಕಣ್ಣಿಟ್ಟು, ವಿವರ ಸೇರಿಸಿ. ಏಟಿಲ್ಲದ ಮನೆಯವರು ಅರ್ಧದಲ್ಲೇ ನಕ್ಕುಬಿಡುತ್ತಾರೆ.

ಕೋಥ್ರೂಡ್ ಕಾಫಿ
ಟೀಚರ್ ಹೇಳಿದ್ದಕ್ಕೆ ಸರಿಯಾಗಿ ಒಂದು ಅಧ್ಯಯನ ಇದೆ. ವಿಕ್ಟೋರಿಯಾ ತಲ್ವಾರ್, ಕಾಂಗ್ ಲೀ, 2011. ಪಶ್ಚಿಮ ಆಫ್ರಿಕಾದ ಎರಡು ಶಾಲೆ. ಒಂದರಲ್ಲಿ ಹೊಡೆತ ಮಾಮೂಲು, ಇನ್ನೊಂದರಲ್ಲಿ ಇಲ್ಲ. ಹಿಂದೆ ಇಟ್ಟ ಆಟಿಕೆ ತಿರುಗಿ ನೋಡಬೇಡ ಎಂದು ಹೇಳಿ ಹೊರಗೆ ಹೋಗುತ್ತಾರೆ. ಮಗು ನೋಡಿಯೇ ನೋಡುತ್ತದೆ. ವಾಪಸ್ ಬಂದು "ನೋಡಿದೆಯಾ?" ಎಂದು ಕೇಳುತ್ತಾರೆ. ಹೊಡೆಯುವ ಶಾಲೆಯ ಮೂರು-ನಾಲ್ಕು ವರ್ಷದ ಮಕ್ಕಳು ಜಾಸ್ತಿ ಸುಳ್ಳು ಹೇಳಿದರು, ಮತ್ತು ಆ ಸುಳ್ಳನ್ನು ಜಾಣತನದಿಂದ ಉಳಿಸಿಕೊಂಡರು.

ಮಾಟುಂಗಾ ರಾಯರು
ನಾನು ಏಟು ತಿಂದೇ ಬೆಳೆದವನು. ಸುಳ್ಳು ಹೇಳುವುದಿಲ್ಲ.

ಚೆಂಬೂರು ಶೆಟ್ರು
ರಾಯರೇ, ನಿಮ್ಮ ಈ ಮಾತನ್ನೇ ನಂಬುವುದು ಹೇಗೆ ಅಂತ ಮೇಲೆ ಬರೆದಿದ್ದಾರಲ್ಲ :)

ಫೋರ್ಟ್ ವಕೀಲ
ಕಾನೂನಿನ ಕಡೆಯಿಂದ ಒಂದು ಮಾತು. 1860ರ ದಂಡ ಸಂಹಿತೆಯ 82ನೇ ಕಲಂ ಪ್ರಕಾರ ಏಳು ವರ್ಷದೊಳಗಿನ ಮಗು ಏನೇ ಮಾಡಿದರೂ ಅಪರಾಧವಲ್ಲ. 83ನೇ ಕಲಂ ಪ್ರಕಾರ ಏಳರಿಂದ ಹನ್ನೆರಡರ ನಡುವಿನ ಮಗುವಿಗೆ ತನ್ನ ಕೆಲಸದ ಸ್ವರೂಪ, ಪರಿಣಾಮ ತಿಳಿಯುವಷ್ಟು ಬುದ್ಧಿ ಬಲಿತಿತ್ತೇ ಎಂದು ನೋಡಬೇಕು. 2024ರ ಜುಲೈ 1ರಿಂದ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲೂ ಇವೇ 20 ಮತ್ತು 21ನೇ ಕಲಂ ಆಗಿ ಉಳಿದಿವೆ. ಪಿಯಾಜೆ ಹುಟ್ಟುವ ಮೊದಲೇ ಕಾನೂನು ಬರೆದವರಿಗೆ ಇಷ್ಟು ಅಂದಾಜು ಇತ್ತು. ಮತ್ತೆ, ಶಾಲೆಯಲ್ಲಿ ಹೊಡೆಯುವುದನ್ನು ಶಿಕ್ಷಣ ಹಕ್ಕು ಕಾಯ್ದೆ 2009ರ 17ನೇ ಕಲಂ ನಿಷೇಧಿಸಿದೆ. ರಾಯರ ಛಡಿ ಲೆಕ್ಕ ಅಲ್ಲಿ ನಡೆಯುವುದಿಲ್ಲ.

ಪಿಂಪ್ರಿ ಪಾಟೀಲ
ಎಲ್ಲಾ ಸರಿ. ಆದರ ಒಂದು ಮಾತು ಯಾರೂ ಮುಟ್ಟಲಿಲ್ಲ. ಮೋದಕ ತಿಂದದ್ದು ತಪ್ಪಾ? ಹಸಿದ ಹುಡುಗ, ಅವರ ಮನೆಯದೇ ಮೋದಕ, ಸಂಜೆ ಅವನಿಗೇ ಕೊಡುವವರಿದ್ದರು. ನೈವೇದ್ಯಕ್ಕ ಮೊದಲ ತಿಂದ, ಅಷ್ಟ. ಯಾರಿಗೆ ನೋವಾತು?

ಮುಲುಂಡ್ ಮಳೆ
ಪಾಟೀಲರೇ ಸರಿಯಾದ ಪ್ರಶ್ನೆ ಕೇಳಿದಿರಿ. ಅತ್ತೆಯವರ ಸಿಟ್ಟಿನಲ್ಲಿ ಸುಳ್ಳಿಗಿಂತ ಎಂಜಲೇ ದೊಡ್ಡದು ಅಂತ ನನ್ನ ಗುಮಾನಿ.

ಡೊಂಬಿವಲಿ ಅಮ್ಮ
ಗುಮಾನಿ ಅಲ್ಲ, ಹೌದು. ಬೇರೆ ಹೂರಣ ಕಲಸಿ 21 ಪೂರ್ತಿ ಮಾಡಿದ ಮೇಲೇ ಆರತಿ ಆದದ್ದು.

ಠಾಣೆ ಟೀಚರ್
ಇದನ್ನು ನಾನು ಮಕ್ಕಳ ಜೊತೆ ಆಗಾಗ ಆಡಿಸುತ್ತೇನೆ. "ಯೂನಿಫಾರ್ಮ್ ಬದಲು ನೈಟ್ ಡ್ರೆಸ್ಸಲ್ಲಿ ಬರಬಹುದಾ?" ಇಲ್ಲ ಟೀಚರ್. "ನಾನೇ ಪರವಾಗಿಲ್ಲ ಅಂದರೆ?" ಹಾಗಾದರೆ ಬರಬಹುದು! "ಪಕ್ಕದವನನ್ನು ಜಾರುಬಂಡಿಯಿಂದ ತಳ್ಳಬಹುದಾ?" ಇಲ್ಲ. "ನಾನೇ ಪರವಾಗಿಲ್ಲ ಅಂದರೆ?" ಆಗ ಸುಮ್ಮನಾಗುತ್ತಾರೆ. ಹೋದ ವರ್ಷ ಒಬ್ಬಳು ನನ್ನನ್ನೇ ಮೇಲಿಂದ ಕೆಳಗೆ ನೋಡಿ, "ನೀವು ಹೇಳಿದರೂ ಅವನಿಗೆ ನೋವಾಗುತ್ತಲ್ಲ" ಎಂದಳು. ನಾಲ್ಕು ತುಂಬಿರಲಿಲ್ಲ.

ಕೋಥ್ರೂಡ್ ಕಾಫಿ
ಟೀಚರ್, ನೀವು ಎಲಿಯಟ್ ಟ್ಯೂರಿಯಲ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞ ಮಾಡಿದ್ದನ್ನೇ ಮಾಡುತ್ತಿದ್ದೀರಿ! ಅವರ ವಾದವೂ ಇದೇ. ಇನ್ನೊಬ್ಬರಿಗೆ ನೋವು ಮಾಡುವುದು ಒಂದು ಬಗೆ, ರೂಢಿ ಮುರಿಯುವುದು ಬೇರೆ ಬಗೆ, ಪುಟ್ಟ ಮಕ್ಕಳಿಗೂ ಈ ವ್ಯತ್ಯಾಸ ಗೊತ್ತು ಎಂದರು.

ಆದರೆ ಇದಕ್ಕೆ ಎದುರಾಗಿ ನಿಂತದ್ದು ನಮ್ಮ ದೇಶದ ಸಾಕ್ಷ್ಯ. ರಿಚರ್ಡ್ ಶ್ವೆಡರ್ ಮತ್ತು ಜೊತೆಯವರು ಭುವನೇಶ್ವರದ ಹಳೇ ಊರಿನಲ್ಲೂ ಶಿಕಾಗೋದಲ್ಲೂ ಒಂದೇ ಪ್ರಶ್ನೆಗಳನ್ನು ಕೇಳಿದರು. 1987ರಲ್ಲಿ ಪ್ರಕಟಿಸಿದರು. ಅಪ್ಪ ಸತ್ತ ಮರುದಿನ ಹಿರಿಮಗ ಕ್ಷೌರ ಮಾಡಿಸಿಕೊಂಡು ಕೋಳಿ ತಿಂದ. ತಪ್ಪಾ? ಶಿಕಾಗೋದವರಿಗೆ ಅದರಲ್ಲೇನಿದೆ ಅನಿಸಿತು. ಭುವನೇಶ್ವರದಲ್ಲಿ ಮಕ್ಕಳೂ ಸೇರಿ ಅದನ್ನು ಘೋರ ತಪ್ಪು ಎಂದರು. ಬರೀ ರೂಢಿ ಅಂತ ಅವರಿಗೆ ಅನಿಸಲಿಲ್ಲ.

ಪಿಂಪ್ರಿ ಪಾಟೀಲ
ನನಗೂ ಅದು ಘೋರ ಅನಸ್ತದ. ಆದರ ಮೋದಕ ಘೋರ ಅನಸೂದಿಲ್ಲ. ನನ್ನ ಲೆಕ್ಕ ಎಲ್ಲಿ ತಪ್ಪೈತಿ ಹೇಳ್ರಿ.

ಫೋರ್ಟ್ ವಕೀಲ
ಲೆಕ್ಕ ತಪ್ಪಿಲ್ಲ. ಅಪ್ಪನ ವಿಷಯದಲ್ಲಿ ಕ್ಷೌರದ ಹಿಂದೆ ಒಂದು ಅಗೌರವ ಕಾಣುತ್ತದೆ, ಸತ್ತವರ ಆತ್ಮಕ್ಕೆ ತೊಂದರೆ ಎಂಬ ನಂಬಿಕೆಯೂ ಇದೆ. ಆ ನಂಬಿಕೆ ಇದ್ದವರಿಗೆ ಅಲ್ಲಿ ನಿಜವಾಗಿ ಒಬ್ಬರಿಗೆ ನೋವಾಗುತ್ತದೆ. ಹಾಗೆ ನೋಡಿದರೆ ಟ್ಯೂರಿಯಲ್ ಪೂರ್ತಿ ಸೋಲುವುದಿಲ್ಲ.

ಬೊರಿವಲಿ ಫಾಸ್ಟ್
ತಡವಾಗಿ ಬಂದೆ. ಎಂಟು ತಿಂಗಳ ಪಾಪು ಬಗ್ಗೆ ಯಾರೂ ಮಾತಾಡಲಿಲ್ಲ? ಆರು ತಿಂಗಳ ಮಗುವಿಗೇ ಒಳ್ಳೆಯವರು-ಕೆಟ್ಟವರು ಗೊತ್ತಾಗುತ್ತದೆ ಅಂತ ಒಂದು ವಿಡಿಯೋ ನೋಡಿದ್ದೆ. ಕಣ್ಣಿರುವ ಗೊಂಬೆಗಳು ಗುಡ್ಡ ಹತ್ತುತ್ತವೆ. ಮಕ್ಕಳು ಹುಟ್ಟುವಾಗಲೇ ದೇವರು, ಹಾಳು ಮಾಡುವವರು ನಾವು.

ಕೋಥ್ರೂಡ್ ಕಾಫಿ
ಯೇಲ್ ವಿಶ್ವವಿದ್ಯಾಲಯದ್ದು ಅದು. ಹ್ಯಾಮ್ಲಿನ್, ವಿನ್, ಬ್ಲೂಮ್, 2007, ನೇಚರ್ ಪತ್ರಿಕೆ. ಒಂದು ಗೊಂಬೆ ಗುಡ್ಡ ಹತ್ತಲು ಒದ್ದಾಡುತ್ತದೆ, ಒಂದು ತಳ್ಳಿ ಸಹಾಯ ಮಾಡುತ್ತದೆ, ಇನ್ನೊಂದು ಕೆಳಗೆ ದಬ್ಬುತ್ತದೆ. ಆಮೇಲೆ ಮಗುವಿನ ಮುಂದೆ ಎರಡನ್ನೂ ಇಟ್ಟರೆ 6 ತಿಂಗಳ 12 ಮಕ್ಕಳಲ್ಲಿ 12ಕ್ಕೆ 12ರೂ ಸಹಾಯ ಮಾಡಿದ್ದನ್ನೇ ಮುಟ್ಟಿದವು. ಜಗತ್ತೆಲ್ಲ ಸುದ್ದಿ.

ಮುಂದಿನ ಭಾಗವನ್ನು ವಿಡಿಯೋ ಮಾಡುವವರು ಹೇಳುವುದಿಲ್ಲ. ಇತ್ತೀಚೆಗೆ ಬೇರೆ ಬೇರೆ ದೇಶಗಳ 37 ಲ್ಯಾಬ್‌ಗಳು ಸೇರಿ ಸಾವಿರಕ್ಕೂ ಹೆಚ್ಚು ಶಿಶುಗಳ ಮೇಲೆ ಇದನ್ನೇ ಮತ್ತೆ ಮಾಡಿದವು. ಹ್ಯಾಮ್ಲಿನ್ ಕೂಡ ಆ ತಂಡದಲ್ಲಿ ಇದ್ದರು. ಆಯ್ಕೆ ಹೆಚ್ಚುಕಡಿಮೆ ಅರ್ಧಕ್ಕರ್ಧ ಬಂತು.

ಬೊರಿವಲಿ ಫಾಸ್ಟ್
ಅಯ್ಯೋ. ನನ್ನ ಹೆಂಡತಿಗೆ ಹೇಳುವುದಿಲ್ಲ, ಅವಳು ಆ ವಿಡಿಯೋ ಎಲ್ಲರಿಗೂ ಕಳಿಸಿದ್ದಾಳೆ.

ಮುಲುಂಡ್ ಮಳೆ
ದೇವರು-ದೆವ್ವ ಎರಡೂ ಬೇಡ. ಒಂದೂವರೆ ವರ್ಷದ ಮಗು ಕೆಳಗೆ ಬಿದ್ದ ಕ್ಲಿಪ್ ತಾನಾಗಿ ಎತ್ತಿ ಕೊಡುವುದನ್ನು ಎಲ್ಲರೂ ನೋಡಿದ್ದೇವೆ. ನಾನು ಬಾಲ್ಕನಿಯಲ್ಲಿ ಬಟ್ಟೆ ಹಾಕುವಾಗ ಮೊಮ್ಮಗಳಿಗೆ ಅದೇ ಕೆಲಸ. ಬೇಕೆಂದೇ ಎಸೆದರೆ ಎತ್ತುವುದಿಲ್ಲ, ಸುಮ್ನೆ ನೋಡುತ್ತಾಳೆ. ಕೈಜಾರಿ ಬಿದ್ದರೆ ಓಡಿ ಬರುತ್ತಾಳೆ. ಹೇಗೆ ಗೊತ್ತಾಗುತ್ತದೋ!

ಕೋಥ್ರೂಡ್ ಕಾಫಿ
ಬಟ್ಟೆ ಕ್ಲಿಪ್ಪೇ! ವಾರ್ನೆಕನ್ ಮತ್ತು ಟೊಮಸೆಲ್ಲೊ 2006ರಲ್ಲಿ ಜರ್ಮನಿಯಲ್ಲಿ 18 ತಿಂಗಳ ಮಕ್ಕಳ ಜೊತೆ ಕ್ಲಿಪ್ ಬೀಳಿಸಿಯೇ ನೋಡಿದ್ದು. ನಿಮ್ಮ ಮೊಮ್ಮಗಳು ಮಾಡಿದ ವ್ಯತ್ಯಾಸ ಅಲ್ಲೂ ಸಿಕ್ಕಿತು. ಎರಡು ವರ್ಷದ ನಂತರ ಅವರೇ ಇನ್ನೊಂದು ಮಾಡಿದರು. ಸಹಾಯ ಮಾಡಿದಾಗಲೆಲ್ಲ ಬಹುಮಾನ ಕೊಟ್ಟ ಮಕ್ಕಳು ಆಮೇಲೆ ಬಹುಮಾನ ನಿಂತಾಗ ಸಹಾಯ ಕಡಿಮೆ ಮಾಡಿದರು. ಏನೂ ಕೊಡದವರು ಮೊದಲಿನಂತೆಯೇ ಮಾಡುತ್ತಿದ್ದರು.

ವಾಸ್ಕೋ ವಾಸಿ
ಕೆಲಸಕ್ಕೊಂದು ಚಾಕಲೇಟ್ ಅಂತ ನಮ್ಮ ಮನೆಯಲ್ಲಿ ಚಾರ್ಟ್ ಅಂಟಿಸಿದ್ದೇವೆ. ನಿನ್ನೆ ಮಗ ನೀರು ತಂದುಕೊಡಲು ರೇಟ್ ಕೇಳಿದ. ಈಗ ಅರ್ಥವಾಯಿತು.

ಠಾಣೆ ಟೀಚರ್
ಹಂಚಿಕೊಳ್ಳುವುದರ ಬಗ್ಗೆಯೂ ಕೇಳಬೇಕಿತ್ತು. ನನಗೆ ಕಡಿಮೆ ಬಂತು ಅಂತ ಅಳದ ಮಗು ಇಲ್ಲ. ನನಗೆ ಜಾಸ್ತಿ ಬಂತು ಅಂತ ಅತ್ತ ಮಗುವನ್ನು ನಾನಂತೂ ನೋಡಿಲ್ಲ.

ಕೋಥ್ರೂಡ್ ಕಾಫಿ
2015ರಲ್ಲಿ ಏಳು ದೇಶಗಳಲ್ಲಿ ಇದನ್ನೇ ನೋಡಿದರು, ಭಾರತವೂ ಇತ್ತು. ಎದುರಿನವನಿಗೆ ಜಾಸ್ತಿ ಮಿಠಾಯಿ, ತನಗೆ ಕಡಿಮೆ ಬಂದರೆ ಏಳೂ ಕಡೆ ಮಕ್ಕಳು ಬೇಡವೇ ಬೇಡ ಎಂದರು, ಇಬ್ಬರಿಗೂ ಸಿಗದಿದ್ದರೂ ಸರಿ. ತನಗೇ ಜಾಸ್ತಿ ಬಂದಾಗ ಬೇಡ ಎಂದದ್ದು ಅಮೆರಿಕ, ಕೆನಡಾ, ಉಗಾಂಡದ ಸ್ವಲ್ಪ ದೊಡ್ಡ ಮಕ್ಕಳು ಮಾತ್ರ.

ಪಿಂಪ್ರಿ ಪಾಟೀಲ
ಭಾರತದವರು ಸ್ವಾರ್ಥಿಗಳು ಅಂತ ಬರೀಲಿಕ್ಕೆ ಇನ್ನೊಂದು ಕಾರಣ ಸಿಕ್ತು ಅವರಿಗೆ.

ಮುಲುಂಡ್ ಮಳೆ
ಅಷ್ಟು ಅವಸರ ಬೇಡ ಪಾಟೀಲರೇ. ಗುರುತಿಲ್ಲದ ದೊಡ್ಡವರು ಕೈಗಿಟ್ಟ ಮಿಠಾಯಿಯನ್ನು ಬೇಡ ಅನ್ನುವುದು ನಮ್ಮಲ್ಲಿ ಉದ್ಧಟತನ. ಮಕ್ಕಳು ಸುಮ್ಮನೆ ತೆಗೆದುಕೊಂಡು ಆಟದ ನಂತರ ಹೊರಗೆ ಹೋಗಿ ಹಂಚಿಕೊಳ್ಳುತ್ತವೆ. ಅದು ಲ್ಯಾಬಿನವರ ಲೆಕ್ಕಕ್ಕೆ ಬರುವುದಿಲ್ಲ.

ಕೋಥ್ರೂಡ್ ಕಾಫಿ
ಪಾಟೀಲರಿಗೆ ಸಮಾಧಾನ ಆಗುವಂಥದ್ದು ಒಂದಿದೆ, ನಮ್ಮ ಮೈಸೂರಿನದು. ಜೋನ್ ಮಿಲ್ಲರ್ ಮತ್ತು ಬರ್ಸಾಫ್, 1992. ಮೈಸೂರಿನವರಿಗೂ ಅಮೆರಿಕದ ನ್ಯೂ ಹೇವನ್‌ನವರಿಗೂ ಇಂಥ ಪ್ರಶ್ನೆ ಕೇಳಿದರು: ಆಪ್ತ ಗೆಳೆಯನ ಮದುವೆ, ಉಂಗುರ ನಿನ್ನ ಹತ್ತಿರ ಇದೆ, ಟಿಕೆಟ್ ಕೊಳ್ಳಲು ದುಡ್ಡಿಲ್ಲ. ಪಕ್ಕದವನ ಕೋಟಿನಲ್ಲಿ ರೈಲು ಟಿಕೆಟ್ ಕಾಣುತ್ತಿದೆ. ಕದಿಯಬೇಕೋ, ಮದುವೆ ಬಿಡಬೇಕೋ? ಅಮೆರಿಕದ ಹೆಚ್ಚಿನವರು ಕದಿಯಬಾರದು ಎಂದರು. ಮೈಸೂರಿನ ಹೆಚ್ಚಿನವರು ಮದುವೆಗೆ ಹೋಗಲೇಬೇಕು ಎಂದರು.

ಅಮೆರಿಕದ ಮನಶ್ಶಾಸ್ತ್ರಜ್ಞ ಲಾರೆನ್ಸ್ ಕೋಲ್ಬರ್ಗ್ 1958ರಲ್ಲಿ, ಸರಿ-ತಪ್ಪಿನ ಯೋಚನೆ ಹಂತಹಂತವಾಗಿ ಬೆಳೆಯುತ್ತದೆ ಎಂದು ನೈತಿಕತೆಗೆ ಮೆಟ್ಟಿಲು ಕಟ್ಟಿದಾಗ ಮಾತಾಡಿಸಿದ್ದು ಶಿಕಾಗೋ ಕಡೆಯ 72 ಹುಡುಗರನ್ನು. ಒಬ್ಬಳೂ ಹುಡುಗಿ ಇಲ್ಲ. ಅದನ್ನು ಮನಶ್ಶಾಸ್ತ್ರಜ್ಞೆ ಕ್ಯಾರಲ್ ಗಿಲಿಗನ್ 1982ರಲ್ಲಿ ಎತ್ತಿ ತೋರಿಸಿದರು. ಆ ಮೆಟ್ಟಿಲ ತುದಿಯಲ್ಲಿ ಅಮೂರ್ತ ನ್ಯಾಯ ಕೂತಿದೆ. ಗೆಳೆಯನಿಗೆ ಕೊಟ್ಟ ಮಾತು ಕೆಳಗಿನ ಮೆಟ್ಟಿಲಲ್ಲಿ. ಮೈಸೂರಿನವರನ್ನು ಅದರ ಮೇಲೆ ಹತ್ತಿಸಿದರೆ ಚಿಕ್ಕವರಾಗಿಯೇ ಕಾಣುತ್ತಾರೆ. ಅಳತೆಕೋಲು ಯಾರದು ಎಂದು ಕೇಳಬೇಕು.

ಮಾಟುಂಗಾ ರಾಯರು
ಮದುವೆಗೆ ಹೋಗಬೇಕಪ್ಪ. ಟಿಕೆಟ್ ಕಳೆದುಕೊಂಡವನಿಗೆ ಆಮೇಲೆ ದುಡ್ಡು ಕಳಿಸಬಹುದು.

ಚೆಂಬೂರು ಶೆಟ್ರು
ನೋಡಿ! ಒಂದು ಸುಳ್ಳಿಗೆ ಒಂದು ಏಟು ಎಂದವರು ಕಳ್ಳತನಕ್ಕೆ ಕಂತು ಕೊಡುತ್ತಿದ್ದಾರೆ.

ಮಾಟುಂಗಾ ರಾಯರು
ಉಂಗುರ ಇವನ ಹತ್ತಿರ ಇದೆಯಲ್ಲಯ್ಯಾ!

ಠಾಣೆ ಟೀಚರ್
ಅಮ್ಮಾ, ನೀವು ಕೇಳಿದ್ದಕ್ಕೆ ನನ್ನ ಅಭಿಪ್ರಾಯ. ಪುಟ್ಟನಿಗೆ ಇನ್ನೊಬ್ಬರ ಮನಸ್ಸು ಕಾಣಲು ಶುರುವಾಗಿದೆ. ಅದೇ ಕಣ್ಣಲ್ಲಿ ಸುಳ್ಳೂ ಹೇಳಬಹುದು, ಅಳುವ ತಂಗಿಗೆ ಏನು ಬೇಕು ಅಂತಲೂ ಕಂಡುಕೊಳ್ಳಬಹುದು. ಯಾವುದು ಜಾಸ್ತಿ ಆಗುತ್ತದೆ ಅನ್ನುವುದು ಮನೆಯವರ ಕೈಯಲ್ಲಿದೆ. "ಯಾರು ತಿಂದದ್ದು?" ಎಂದು ಕೇಳಬೇಡಿ, ಗಲ್ಲ ನೋಡಿದರೆ ಗೊತ್ತಿದೆಯಲ್ಲ. ಗೊತ್ತಿದ್ದೂ ಕೇಳಿದರೆ ನಾವೇ ಸುಳ್ಳಿಗೆ ಕರೆದ ಹಾಗೆ. "ನೀನು ತಿಂದೆ. ಅಜ್ಜಿ ಬೆಳಿಗ್ಗೆಯಿಂದ ನಿಂತು ಮಾಡಿದ್ದು, ಅವರಿಗೆ ಬೇಜಾರಾಯಿತು. ಬಾ, ಇನ್ನೊಂದು ಮಾಡೋಣ, ಹೂರಣ ನೀನು ತುಂಬು." ಸಾಕು. ಪಾಪು ಹೆಸರು ಹೇಳಿದ್ದಕ್ಕೆ ಅವಳ ಹತ್ತಿರ ಹೋಗಿ ಸಾರಿ ಹೇಳಲಿ.

ಮುಲುಂಡ್ ಮಳೆ
ಕಥೆ ಹೇಳಿ ಅನ್ನುತ್ತೇನೆ ನಾನು. ಹುಲಿಗೆ ಕೊಟ್ಟ ಮಾತು ಉಳಿಸಿಕೊಂಡ ಹಸುವಿನ ಕಥೆ ನಮ್ಮಲ್ಲಿ ಇರುವುದು ಯಾಕೆ ಮತ್ತೆ? ಆದರೆ ಮಗಳಿಗೆ ಚಿಕ್ಕವಳಿದ್ದಾಗ ಹೇಳಿದಾಗ ಅವಳು ಅತ್ತದ್ದು ಹುಲಿಗೆ. "ಹುಲಿಗೆ ಹಸಿವಾಗಿತ್ತು, ಅದು ಯಾಕೆ ಸಾಯಬೇಕು?" ಎಂದು ಕೇಳಿದಳು. ನನ್ನ ಹತ್ತಿರ ಉತ್ತರ ಇರಲಿಲ್ಲ, ಈಗಲೂ ಇಲ್ಲ.

ಕೋಥ್ರೂಡ್ ಕಾಫಿ
2014ರಲ್ಲಿ ಕಾಂಗ್ ಲೀ ತಂಡ ಕಥೆಗಳನ್ನೂ ಪರೀಕ್ಷೆ ಮಾಡಿತು. ತೋಳ ಬಂತು ತೋಳ ಅಂತ ಕೂಗಿ ಕೆಟ್ಟ ಹುಡುಗನ ಕಥೆ ಕೇಳಿದ ಮಕ್ಕಳು ಹೆಚ್ಚು ನಿಜ ಹೇಳಲಿಲ್ಲ. ಮರ ಕಡಿದು ಒಪ್ಪಿಕೊಂಡು ಅಪ್ಪನಿಂದ ಹೊಗಳಿಸಿಕೊಂಡ ಹುಡುಗನ ಕಥೆ ಕೇಳಿದವರು ಹೆಚ್ಚು ನಿಜ ಹೇಳಿದರು. ಹೆದರಿಕೆಯ ಕಥೆಗಿಂತ ಮೆಚ್ಚುಗೆಯ ಕಥೆ ಕೆಲಸ ಮಾಡಿತು. ಹಸುವಿನ ಕಥೆಯನ್ನು ಯಾರಾದರೂ ಹಾಗೆ ಪರೀಕ್ಷೆ ಮಾಡಬೇಕು.

ಬೊರಿವಲಿ ಫಾಸ್ಟ್
ಸ್ವಲ್ಪ ಬೇರೆ ವಿಷಯ. ನಮ್ಮ ಮಗು ಮನೆಯಲ್ಲಿ ತುಳು, ಅಜ್ಜಿ ಜೊತೆ ಕನ್ನಡ, ಕೆಳಗೆ ಮರಾಠಿ, ಶಾಲೆಯಲ್ಲಿ ಇಂಗ್ಲಿಷ್, ಲಿಫ್ಟಿನಲ್ಲಿ ಹಿಂದಿ. ಯಾರಿಗೆ ಯಾವ ಭಾಷೆ ಎಂದು ಮೂರು ವರ್ಷಕ್ಕೇ ಲೆಕ್ಕ ಇಟ್ಟಿತ್ತು. ಇದೂ ಇನ್ನೊಬ್ಬರ ತಲೆ ಓದುವುದೇ ಅಲ್ವಾ?

ಕೋಥ್ರೂಡ್ ಕಾಫಿ
ಇರಬಹುದು. 2015ರಲ್ಲಿ ಶಿಕಾಗೋದವರು ಇಂಥ ಮಕ್ಕಳನ್ನು ನೋಡಿದರು. ಮೂರು ಗಾತ್ರದ ಆಟಿಕೆ ಕಾರು. ತೀರಾ ಚಿಕ್ಕದು ಎದುರು ಕೂತವರಿಗೆ ಕಾಣದ ಹಾಗೆ ಮರೆಯಲ್ಲಿದೆ. "ಚಿಕ್ಕ ಕಾರು ಕೊಡು" ಎಂದರೆ ಅವರಿಗೆ ಕಾಣುವುದರಲ್ಲಿ ಚಿಕ್ಕದನ್ನು ಕೊಡಬೇಕು. ಒಂದೇ ಭಾಷೆಯ ಮಕ್ಕಳು ಎಡವಿದ್ದು ಜಾಸ್ತಿ. ಎರಡು ಭಾಷೆ ಮಾತಾಡುವವರು, ಎರಡನೆಯದನ್ನು ಬರೀ ಕಿವಿಗೆ ಹಾಕಿಕೊಂಡು ಬೆಳೆದವರು, ಇಬ್ಬರೂ ಚೆನ್ನಾಗಿ ಮಾಡಿದರು.

ಚೆಂಬೂರು ಶೆಟ್ರು
ಹಾಗಾದರೆ ಮುಂಬಯಿಯ ಮಕ್ಕಳೆಲ್ಲ ಬಹಳ ಸಜ್ಜನರಾಗಬೇಕಿತ್ತು. ಬೆಳಿಗ್ಗೆ 8ರ ಲೋಕಲ್‌ನಲ್ಲಿ ಬನ್ನಿ, ಮೂವರು ಕೂತ ಸೀಟಿನಲ್ಲಿ ನಾಲ್ಕನೆಯವನಿಗೆ ಸ್ವಲ್ಪ ಸರಿಯಿರಿ ಅಂತ ಐದು ಭಾಷೆಯಲ್ಲಿ ಕೇಳಿ ನೋಡಿ.

ಇನ್ನೊಂದು. ಮಕ್ಕಳಿಗೆ ಸುಳ್ಳು ಕಲಿಸುವವರು ಯಾರು ಅಂತ ಮತ್ಸ್ಯಗಂಧ ರೈಲಿನಲ್ಲಿ ಕಣ್ಣಾರೆ ನೋಡಿದ್ದೇನೆ. ಐದು ವರ್ಷದೊಳಗಿನವರಿಗೆ ಟಿಕೆಟ್ ಬೇಡ ಅಲ್ವಾ? ಎದುರು ಸೀಟಿನ ಅಪ್ಪ ಪನ್ವೇಲ್‌ನಿಂದ ಶುರು ಮಾಡಿದ: "ಟಿಸಿ ಕೇಳಿದರೆ ನಾಲ್ಕು ಅನ್ನಬೇಕು." ಹುಡುಗ ತಲೆಯಾಡಿಸಿದ. ಚಿಪ್ಳೂಣ್ ದಾಟಿದ ಮೇಲೆ ಟಿಸಿ ಬಂದರು. "ನಿನಗೆ ಎಷ್ಟು ವರ್ಷ ಮರಿ?" ಹುಡುಗ ಬೆರಳು ಮಡಚಿ ಬಿಡಿಸಿ ಹೇಳಿದ, "ಮನೆಯಲ್ಲಿ ಆರು, ರೈಲಲ್ಲಿ ನಾಲ್ಕು."

ಫೋರ್ಟ್ ವಕೀಲ
ಟಿಸಿ ಏನು ಮಾಡಿದರು?

ಚೆಂಬೂರು ಶೆಟ್ರು
ಅಪ್ಪನಿಗೆ ದಂಡ ಹಾಕಿದರು. ಹುಡುಗನಿಗೆ ಜೇಬಿನಿಂದ ಪೆಪ್ಪರ್‌ಮಿಂಟ್ ತೆಗೆದು ಕೊಟ್ಟರು.

ವಾಸ್ಕೋ ವಾಸಿ
ಬಹುಮಾನ ಕೊಡಬಾರದು ಅಂತ ಮೇಲೆ ಹೇಳಿದ್ದಾರೆ!